ಹೋಲಿಕೆಯ ಸಾಲು

"ಗೋಡೆಗೆ ನೇತು ಬೀಳೋಕೆ ನೀನೇನು ಕ್ಯಾಲೆಂಡರಾ? ನೆಟ್ಟಗೆ ನಿಂತ್ಕೊಳ್ಳೇ. ಹೊಟ್ಟೆ ಮಾಡ್ಕೊಳೋವಾಗ ನನ್ನ ಕೇಳಿದ್ಯಾ? ಈಗ ಕಾಲು ನೋವು ಅಂತ ನನ್ನ ಮುಂದೆ ಯಾಕೆ ರಾಗ ಎಳೀತೀಯ?"

ಮೇಸ್ತ್ರಿ ಇಷ್ಟನ್ನೂ ಹೇಳಿದ್ದು ಬಾಯಲ್ಲಿ ಸೀಟಿ ಕಚ್ಚಿಕೊಂಡೇ. ಹಾಗಾಗಿ ಒಂದೊಂದು ಬೈಗುಳದ ಬಾಲಕ್ಕೂ ಸಣ್ಣದೊಂದು ಕೀಚಲು ಅಂಟಿಕೊಂಡು ಬಂತು. ಕಾರ್ಖಾನೆಯಲ್ಲಿ ಅವನ ಹೆಸರೇ ಸೀಟಿ. ತಂಗಿ ಗೋಡೆಯಿಂದ ಬೆನ್ನು ಕಿತ್ತುಕೊಂಡು ನಿಂತಳು. ಬಿಸಿ ಹಾಸಿನ ಎರಡು ಮೂಲೆ ಹಿಡಿದಳು, ಕೊಡವಿದಳು, ಮಡಿಚಿದಳು. ಮತ್ತೆ ಎರಡು ಮೂಲೆ.

ಅಂಗಳದಷ್ಟು ಅಗಲದ ಆ ಕೋಣೆಯ ಇನ್ನೊಂದು ತುದಿಯಲ್ಲಿ, ಕಿಟಕಿಯ ಪಕ್ಕದ ಯಂತ್ರದ ಮುಂದೆ, ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು ಅವಳೂ ಎರಡು ಮೂಲೆ ಹಿಡಿದಳು. ಹಿಡಿದ ಬಟ್ಟೆಯನ್ನು ಸೀಟಿಯ ಕತ್ತು ಎಂದುಕೊಂಡು ಕೊಡವಿದಳು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ನಾಲ್ಕು ಆಸ್ಪತ್ರೆಗಳ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ರಕ್ತ ಕೀವು ಹೊತ್ತು ಹಿಂದಿನ ಬಾಗಿಲಿನಿಂದ ಬಂದು, ಹಾಲಿನ ಹಾಗೆ ಬೆಳ್ಳಗಾಗಿ ಮುಂದಿನ ಬಾಗಿಲಿನಿಂದ ಹೋಗುತ್ತಿದ್ದವು. ನಡುವೆ ಎರಡು ಉರುಳೆ ಯಂತ್ರಗಳು. ಈ ಕಡೆಯಿಂದ ಒದ್ದೆ ಹಾಸನ್ನು ಬಾಯಿಗೆ ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಉಗುಳುತ್ತಿದ್ದವು. ಎಷ್ಟು ಉಣ್ಣಿಸಿದರೂ ಇನ್ನೂ ತಾ ಎನ್ನುವ ರಕ್ಕಸಿ ಕಥೆಗಳಲ್ಲಿ ಬರುತ್ತಾಳಲ್ಲ, ಅಂಥವರು ಇಬ್ಬರು. ಕಥೆಯ ರಕ್ಕಸಿಗಾದರೂ ಉಂಡ ಮೇಲೆ ನಿದ್ದೆ ಬರುತ್ತದೆ. ಇವರಿಗೆ ಅದೂ ಇಲ್ಲ. ಒಬ್ಬೊಬ್ಬಳ ಸೇವೆಗೂ ಹನ್ನೆರಡು ಹೆಂಗಸರು, ಹತ್ತು ಗಂಟೆ, ನಿಂತೇ. ಕಿಟಕಿ ಪಕ್ಕದವರು ಕಿಟಕಿ ಸಾಲು, ಬಾಯ್ಲರಿನ ಗೋಡೆ ಪಕ್ಕದವರು ಗೋಡೆ ಸಾಲು. ಕೂರಲು ಆ ಕೋಣೆಯಲ್ಲಿ ಒಂದು ಮಣೆಯೂ ಇರಲಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂದು ಯಾರೋ ಯಾವಾಗಲೋ ಹೇಳಿದ್ದರು, ಆ ಮಾತು ಕಾನೂನಾಗಿ ಕೂತಿತ್ತು.

ತಂಗಿಗೆ ಐದು ತಿಂಗಳು. ಇದು ಎರಡನೆಯದು. ಮೊದಲನೆಯದು ಹೋದ ವರ್ಷ, ಏಳು ತುಂಬಿ ಎಂಟಕ್ಕೆ ಬಿದ್ದಾಗ, ಇದೇ ಗೋಡೆ ಸಾಲಿನಲ್ಲಿ, ನಿಂತವಳು ನಿಂತ ಹಾಗೇ ಕುಸಿದಾಗ ಹೋಗಿಬಿಟ್ಟಿತ್ತು. ಮೂರನೇ ದಿನ ಹೆರಿಗೆ ವಾರ್ಡಿನ ಗುರುತಿದ್ದ ಬಟ್ಟೆಯ ಗಂಟು ಕಾರ್ಖಾನೆಗೆ ಬಂದಾಗ ಅಕ್ಕ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಅದರಲ್ಲಿ ತಂಗಿ ಮಲಗಿದ್ದ ಹಾಸು ಯಾವುದು ಎಂದು ಗೊತ್ತಿರಲಿಲ್ಲ. ಹಾಗಾಗಿ ನಲವತ್ತು ಹಾಸನ್ನೂ ತಾನೇ ಒಗೆದು, ತಾನೇ ಮಡಿಚಿದಳು. ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ಮುಂದಿನ ಸಲ ಹೆಚ್ಚು ಹೊತ್ತು ನಿಲ್ಲಬಾರದು. ಕಾರ್ಖಾನೆಯ ನಿಯಮದಲ್ಲಿ ಬರೆದದ್ದೂ ಒಂದೇ ಸಾಲು: ಹೆರಿಗೆ ರಜೆ ಒಂಬತ್ತನೇ ತಿಂಗಳಿಂದ. ಅದಕ್ಕೆ ಮೊದಲು ಮನೆಗೆ ಹೋದವಳಿಗೆ ಮತ್ತೆ ಗೇಟು ತೆರೆಯುತ್ತಿರಲಿಲ್ಲ.

ಅವ್ವ ತೀರಿಕೊಂಡಾಗ ತಂಗಿಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು. ಈಗಲೂ ತಂಗಿಯ ಗಂಡ ದೂರದ ಕಟ್ಟಡ ಕೆಲಸಕ್ಕೆ ಹೋದರೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹೊದಿಕೆಯಲ್ಲಿ ಇರುತ್ತಿದ್ದರು. ಬೆಳಿಗ್ಗೆ ಚಪ್ಪಲಿಗೆ ತೂರದ ಆ ಪಾದಗಳನ್ನು ಅಕ್ಕ ಎರಡೂ ಕೈಯಲ್ಲಿ ಒತ್ತಿ ಒತ್ತಿ ತೂರಿಸುತ್ತಿದ್ದಳು. ಒತ್ತಿದಲ್ಲಿ ಬೆರಳು ಇಳಿದು, ಗುಳಿ ಗುಳಿಯಾಗಿಯೇ ಉಳಿಯುತ್ತಿತ್ತು.

"ಹಿಟ್ಟಿನ ಮುದ್ದೆ ಆಗಿದೆ ಅಕ್ಕಾ ನನ್ನ ಕಾಲು," ಎಂದು ತಂಗಿ ನಗುತ್ತಿದ್ದಳು.

"ಬಾಯ್ಮುಚ್ಕೊಂಡು ಇನ್ನೊಂದು ಕಾಲು ಕೊಡು," ಎನ್ನುತ್ತಿದ್ದಳು ಅಕ್ಕ.

*

ಕಾಗದದ ಮೇಡಂ ಬಂದದ್ದು ಆ ವಾರದಲ್ಲೇ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಎದೆಗೆ ಅವುಚಿಕೊಂಡ ಕಾಗದದ ಕಟ್ಟು. ಮಾತಿನಲ್ಲಿ ಮರ್ಯಾದೆ ಇತ್ತು, ಎಲ್ಲರಿಗೂ ಬಹುವಚನ. ಹೆಂಗಸರ ರಜೆ ಹೆಚ್ಚಾಗಿದೆ, ಮಡಿಕೆಯಲ್ಲಿ ತಪ್ಪುಗಳಾಗುತ್ತಿವೆ, ಆಸ್ಪತ್ರೆಗಳು ದೂರುತ್ತಿವೆ ಎಂದು ಕಂಪನಿಯೇ ಅವಳನ್ನು ಕರೆಸಿತ್ತು. ಕೆಲಸ ಮಾಡುವವರ ಮನಸ್ಸನ್ನು ಓದುವುದು, ಅದಕ್ಕೆ ಮದ್ದು ಹುಡುಕುವುದು, ಮದ್ದು ಹತ್ತಿತೋ ಇಲ್ಲವೋ ಅಳೆಯುವುದು ಅವಳ ಉದ್ಯೋಗ. ಊಟದ ಕೋಣೆಯಲ್ಲಿ ಇಪ್ಪತ್ತನಾಲ್ಕು ಹೆಂಗಸರನ್ನು ನಿಲ್ಲಿಸಿ, ಪಕ್ಕದಲ್ಲಿ ಮ್ಯಾನೇಜರನ್ನು ಕೂರಿಸಿ, ಅವಳು ವಿವರಿಸಿದಳು.

"ಒಂದು ಸಾಲಿಗೆ ಸ್ಟೂಲ್ ಕೊಡ್ತೀವಿ. ಕೂತ್ಕೊಂಡು ಮಡಿಸಬಹುದು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ ಕೂಡ. ಹತ್ತು ವಾರ ಹೀಗೆ ನಡೆಯುತ್ತೆ."

ಕೋಣೆಯಲ್ಲಿ ಗಾಳಿ ಬೀಸಿದ ಹಾಗಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್ನೊಂದು ಸಾಲಿಗೆ?" ಎಂದಳು ಸೂಜಿಯಮ್ಮ. ಗೋಡೆ ಸಾಲಿನ ಹಿರಿಯಳು. ಗಂಟು ಬಿಚ್ಚುವಾಗ ಹಾಸಿನಲ್ಲಿ ಮರೆತು ಬಂದ ಸೂಜಿಗಳು ಮೂರು ಸಲ ಚುಚ್ಚಿದ್ದರಿಂದ ಆ ಹೆಸರು. ನಾಲಿಗೆಯೂ ಅದೇ ಜಾತಿಯದು.

"ಇನ್ನೊಂದು ಸಾಲು ಹೋಲಿಕೆಗೆ."

"ಹೋಲಿಕೆಗೆ ಅಂದ್ರೆ ಏನಮ್ಮಾ?"

"ಅಂದ್ರೆ, ಏನೂ ಕೊಡದೆ ಇದ್ದರೆ ಏನಾಗುತ್ತೆ ಅಂತ ನೋಡೋದು."

"ಅದನ್ನ ಹದಿನಾಲ್ಕು ವರ್ಷದಿಂದ ನೋಡ್ತಾನೇ ಇದ್ದಾರಲ್ಲ," ಎಂದಳು ಸೂಜಿಯಮ್ಮ. "ಇನ್ನೂ ಕಾಣಿಸಿಲ್ವಾ?"

ಯಾರೋ ಕಿಸಕ್ಕೆಂದರು. ಸೀಟಿ ಒಮ್ಮೆ ಊದಿದ. ನಗು ನಿಂತಿತು.

ಯಾವ ಸಾಲಿಗೆ ಸ್ಟೂಲು ಎಂಬುದನ್ನು ಯಾರೂ ಆರಿಸಬಾರದು, ಅದೃಷ್ಟವೇ ಆರಿಸಬೇಕು ಎಂದಳು ಮೇಡಂ. ಮ್ಯಾನೇಜರು ಜೇಬಿನಿಂದ ನಾಣ್ಯ ತೆಗೆದು ಚಿಮ್ಮಿದ. ನಾಣ್ಯ ಕಿಟಕಿ ಸಾಲಿನ ಪರವಾಗಿ ಬಿತ್ತು.

ಅಕ್ಕನಿಗೆ ಎದೆಯಲ್ಲಿ ಸಂತೋಷ ಹುಟ್ಟಿ ಅಲ್ಲೇ ಸತ್ತಿತು. ಸಭೆ ಮುಗಿದ ಮೇಲೆ ಮೇಡಮ್ಮಿನ ಹಿಂದೆಯೇ ಹೋಗಿ ಕಾರಿಡಾರಿನಲ್ಲಿ ಹಿಡಿದಳು.

"ಮೇಡಂ, ನನ್ನ ತಂಗಿ ಗೋಡೆ ಸಾಲಲ್ಲಿದ್ದಾಳೆ. ಬಸುರಿ. ಹೋದ ಸಲ ಇಲ್ಲೇ ಕಳ್ಕೊಂಡ್ಳು. ನನ್ನ ಆ ಕಡೆ ಹಾಕಿ, ಅವಳನ್ನ ಈ ಕಡೆ ಹಾಕಿ. ಲೆಕ್ಕಕ್ಕೆ ಹನ್ನೆರಡು ಹನ್ನೆರಡೇ ಇರುತ್ತಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿದಳು. "ನನಗೆ ಅರ್ಥ ಆಗುತ್ತೆ. ನಿಜವಾಗ್ಲೂ ಆಗುತ್ತೆ. ಆದ್ರೆ ಒಬ್ಬರನ್ನ ಕರುಣೆಯಿಂದ ಬದಲಾಯಿಸಿದ್ರೂ ಫಲಿತಾಂಶ ನಂಬೋಕಾಗಲ್ಲ. ಹತ್ತು ವಾರ ತಾಳಿ. ಸ್ಟೂಲಿನಿಂದ ಒಳ್ಳೇದಾಗುತ್ತೆ ಅಂತ ಸಾಬೀತಾದ್ರೆ ಎಲ್ಲರಿಗೂ ಕೊಡಿಸೋಣ."

"ನಿಂತು ನಿಂತು ಸಾಕಾದೋರಿಗೆ ಕೂತ್ರೆ ಒಳ್ಳೇದಾಗುತ್ತೆ ಅಂತ ಸಾಬೀತು ಮಾಡೋಕೆ ಹತ್ತು ವಾರ ಬೇಕಾ ಮೇಡಂ?"

"ಕಂಪನಿಗೆ ಬೇಕು," ಎಂದಳು ಮೇಡಂ. ಹೇಳುವಾಗ ನೆಲ ನೋಡಿದಳು.

*

ದೂರದಿಂದಲೇ ಗುರುತು ಸಿಗಲೆಂದು ಕಿಟಕಿ ಸಾಲಿಗೆ ನೀಲಿ ಟೊಪ್ಪಿ, ಗೋಡೆ ಸಾಲಿಗೆ ಬೂದು ಟೊಪ್ಪಿ ಬಂದವು. ಮುಖಕ್ಕೆ ಮೂಗು ಬಾಯಿ ಮುಚ್ಚುವ ಬಟ್ಟೆ ಮೊದಲಿಂದಲೂ ಇತ್ತು, ಮೈಗೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಜೋಲುವ ರಬ್ಬರು ಅಂಗಿ. ಕಾಣುವುದು ಕಣ್ಣು ಮಾತ್ರ. ಹೆಂಗಸರ ಕಣ್ಣು ನೋಡಿ ಮಾತಾಡುವ ಅಭ್ಯಾಸ ಸೀಟಿಗೂ ಇರಲಿಲ್ಲ, ಮ್ಯಾನೇಜರಿಗೂ ಇರಲಿಲ್ಲ.

ವಾರಕ್ಕೊಮ್ಮೆ ಅಳತೆ. ಒಬ್ಬೊಬ್ಬರನ್ನೇ ಸಣ್ಣ ಕೋಣೆಗೆ ಕರೆದು, ಟೇಪಿನಿಂದ ಕಣಕಾಲಿನ ಸುತ್ತಳತೆ ತೆಗೆದು, ಐದು ಮುಖ ಬರೆದ ಕಾಗದ ಕೊಡುತ್ತಿದ್ದರು. ಒಂದು ಮುಖ ಅಳುತ್ತಿತ್ತು, ಕೊನೆಯದು ಹಲ್ಲು ಕಿರಿಯುತ್ತಿತ್ತು. ನಿಮ್ಮ ಮನಸ್ಸು ಈ ವಾರ ಯಾವುದರ ಹಾಗಿದೆಯೋ ಅದಕ್ಕೆ ಗೆರೆ ಹಾಕಿ.

ಮೊದಲನೇ ಅಳತೆಯ ದಿನ ತಂಗಿ ಒಳಗೆ ಹೋದಾಗ ಕೋಣೆಯಲ್ಲಿ ಎರಡು ಕುರ್ಚಿ ಇದ್ದವು. ಒಂದರಲ್ಲಿ ಮೇಡಂ. ಇನ್ನೊಂದರ ಬೆನ್ನಿನ ಮೇಲೆ ಕೈ ಇಟ್ಟು ತಂಗಿ ಕೇಳಿದಳು, "ಕೂತ್ಕೊಂಡು ಗೆರೆ ಹಾಕ್ಲಾ ಮೇಡಂ?"

ಮೇಡಂ ಆ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅದು ನೀಲಿ ಸಾಲಿನವರಿಗೆ," ಎಂದಳು. "ನಿಮ್ಮನ್ನ ಕೂರಿಸಿದ್ರೆ... ದಯವಿಟ್ಟು ತಪ್ಪು ತಿಳ್ಕೋಬೇಡಿ. ಐದೇ ನಿಮಿಷ."

ತಂಗಿ ಗೋಡೆಗೆ ಕಾಗದ ಒತ್ತಿ ಹಿಡಿದು ಗೆರೆ ಹಾಕಿದಳು. ಮೇಡಂ ಅವಳ ಕಾಲ ಬುಡದಲ್ಲಿ ಮಂಡಿಯೂರಿ ಟೇಪು ಸುತ್ತಿದಳು. ಟೇಪು ಊತದೊಳಗೆ ಹೂತುಹೋಯಿತು.

ಸಂಜೆ ದಾರಿಯಲ್ಲಿ ಅಕ್ಕ ಕೇಳಿದಳು. "ಕಾಲು ನೋಡಿದ್ಳಾ?"

"ನೋಡಿದ್ರು. ಅಳೆದ್ರು. ಬರ್ಕೊಂಡ್ರು."

"ಆಮೇಲೆ?"

"ಆಮೇಲೆ ಇನ್ನೊಂದು ಕಾಲು ಅಳೆದ್ರು."

ಅಕ್ಕ ದಾರಿಯ ನಡುವೆ ನಿಂತಳು. ಅವಳ ಹಿಂದೆ ಬರುತ್ತಿದ್ದ ಸೈಕಲಿನವನು ಬೈದು ಸುತ್ತಿಕೊಂಡು ಹೋದ. "ನಾಳೆ ನಿನ್ನ ಟೊಪ್ಪಿ ನನಗೆ ಕೊಡು," ಎಂದಳು.

*

ಮರುದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ಬೂದು ಟೊಪ್ಪಿ ಹಾಕಿ, ರಬ್ಬರು ಅಂಗಿಯ ಒಳಗೆ ಒಂದು ಟವೆಲು ಸುತ್ತಿ ಹೊಟ್ಟೆಗೆ ಕಟ್ಟಿಕೊಂಡಳು. ತಂಗಿ ನೀಲಿ ಟೊಪ್ಪಿ ಹಾಕಿ, ಅಂಗಿಯನ್ನು ಸಡಿಲ ಬಿಟ್ಟಳು. ಒಂಬತ್ತು ವರ್ಷ ವಯಸ್ಸಿನ ಅಂತರ ಬಟ್ಟೆಯೊಳಗೆ ಮುಚ್ಚಿಹೋಯಿತು.

"ಅಕ್ಕಂಗೆ ಈ ವಯಸ್ಸಲ್ಲಿ ಎಷ್ಟನೇ ತಿಂಗಳೋ," ಎಂದಳು ಪಕ್ಕದವಳು.

"ಟವೆಲಿನ ತಿಂಗಳು ಕಣೇ. ನೀರು ಬಿದ್ರೆ ಇನ್ನೂ ಬೆಳೆಯುತ್ತೆ," ಎಂದಳು ಅಕ್ಕ.

ಅಂದು ತಂಗಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಹತ್ತು ಗಂಟೆ ಮಡಿಚಿದಳು. ಗೋಡೆ ಸಾಲಿನಲ್ಲಿ ಅಕ್ಕ ನಿಂತಳು. ಬಾಯ್ಲರಿನ ಕಾವು ಗೋಡೆ ದಾಟಿ ಬೆನ್ನು ಸುಡುತ್ತಿತ್ತು. ಮಧ್ಯಾಹ್ನ ಸೀಟಿ ಹಿಂದಿನಿಂದ ಬಂದು ನಿಂತ. ಇಷ್ಟು ಹತ್ತಿರ ಬಂದು ನಿಲ್ಲುತ್ತಾನೆ ಎಂದು ತಂಗಿ ಎಂದೂ ಹೇಳಿರಲಿಲ್ಲ.

"ಏನೇ ಬಸುರಿ, ಇದಾದ್ರೂ ನಿಲ್ಲುತ್ತೋ, ಇದನ್ನೂ ನನ್ನ ನೆಲದ ಮೇಲೆ ಸುರೀತೀಯೋ? ಹೋದ ಸಲ ನೆಲ ತೊಳೆಸೋಕೆ ಯಂತ್ರ ಅರ್ಧ ಗಂಟೆ ನಿಲ್ಲಿಸಬೇಕಾಯ್ತು. ಮೇಲಿನಿಂದ ಉಗಿಸ್ಕೊಂಡಿದ್ದು ನಾನು."

ಅಕ್ಕ ತಿರುಗಲಿಲ್ಲ. ತಿರುಗಿದರೆ ಕಣ್ಣು ಸಿಗುತ್ತದೆ. ಹಾಸಿನ ಅಂಚನ್ನು ಹಲ್ಲು ಕಚ್ಚುವ ಹಾಗೆ ಬೆರಳಲ್ಲಿ ಕಚ್ಚಿಕೊಂಡು, ಟವೆಲಿನ ಹೊಟ್ಟೆಯನ್ನು ಮೇಜಿಗೆ ಒತ್ತಿಕೊಂಡು ನಿಂತಳು. ದಿನವೂ ಈ ಮಾತು ಕೇಳಿಕೊಂಡು ಮನೆಗೆ ಬಂದು ಆ ಹುಡುಗಿ ಹಿಟ್ಟಿನ ಮುದ್ದೆ ಎಂದು ನಗುತ್ತಿದ್ದಳಲ್ಲ ಎಂಬುದೇ ಅವಳ ತಲೆಯಲ್ಲಿ ಕುದಿಯಿತು. ಸೀಟಿ ಕೀಚೆನ್ನುತ್ತಾ ಮುಂದೆ ಹೋದ.

"ಸೂಳೆಮಗ," ಎಂದಳು ಅಕ್ಕ, ಬಟ್ಟೆಗೆ.

"ಜೋರಾಗಿ ಹೇಳು, ನನ್ನದೂ ಒಂದು ಸೇರಿಸು," ಎಂದಳು ಎದುರಿನ ಮೂಲೆ ಹಿಡಿದಿದ್ದ ಸೂಜಿಯಮ್ಮ. ಅವಳ ಕಣ್ಣು ಬಟ್ಟೆಯ ಮೇಲಿನಿಂದ ಅಕ್ಕನನ್ನೇ ನೋಡುತ್ತಿತ್ತು. "ಬೆಳಿಗ್ಗೆನೇ ಗೊತ್ತಾಯ್ತು. ನಿನ್ನ ತಂಗಿ ಎಡಗಡೆ ಮಡಿಸ್ತಾಳೆ, ನೀನು ಬಲಗಡೆ."

ಅಕ್ಕ ಮುಂದಿನ ಹಾಸನ್ನು ಎಡಗಡೆ ಮಡಿಚಿದಳು.

"ನಿನ್ನ ತಂಗಿ ಒಬ್ಬಳೇ ತಂಗಿನಾ?" ಎಂದಳು ಸೂಜಿಯಮ್ಮ. "ಈ ಸಾಲಲ್ಲಿ ಒಬ್ಬಳಿಗೆ ಕಾಲಲ್ಲಿ ಹುಣ್ಣು, ಒಬ್ಬಳಿಗೆ ನರ ಗಂಟು ಕಟ್ಟಿದೆ. ನನಗೆ ಮಂಡಿ ಅನ್ನೋದೇ ಇಲ್ಲ, ಎರಡು ಕಲ್ಲು ಇವೆ. ನಾವೇನು ಆಕಾಶದಿಂದ ಉದುರಿದ್ವಾ?"

ಆ ಮಾತು ಕಿಟಕಿ ಸಾಲಿಗೆ ಮುಟ್ಟಿದ್ದು ಊಟದ ಹೊತ್ತಿಗೆ. ಯಾರೂ ಸಭೆ ಮಾಡಲಿಲ್ಲ, ಯಾರೂ ಕೈ ಎತ್ತಲಿಲ್ಲ. ಕೈ ತೊಳೆಯುವ ತೊಟ್ಟಿಯ ಬಳಿ ಒಬ್ಬಳು ತನ್ನ ನೀಲಿ ಟೊಪ್ಪಿ ಬಿಚ್ಚಿ, ಹುಣ್ಣಿನ ಕಾಲಿನವಳ ತಲೆಗೆ ಹಾಕಿದಳು, ಅಷ್ಟೇ. ವಾರ ಮುಗಿಯುವುದರೊಳಗೆ ಊಟಕ್ಕೆ ಮುಂಚೆ ನೀಲಿಯಾಗಿದ್ದವರು ಊಟದ ಮೇಲೆ ಬೂದು, ಬೂದಾಗಿದ್ದವರು ನೀಲಿ. ತಂಗಿ ಮಾತ್ರ ಇಡೀ ದಿನ ನೀಲಿ, ಅಕ್ಕ ಇಡೀ ದಿನ ಬೂದು. ಅಳತೆಗೆ ಕರೆದಾಗ ಎಲ್ಲರೂ ತಂತಮ್ಮ ಟೊಪ್ಪಿ ಹಾಕಿಕೊಂಡೇ ಹೋಗುತ್ತಿದ್ದರು. ಅಕ್ಕನ ಕಾಲಲ್ಲಿ ಗುಳಿ ಬೀಳತೊಡಗಿತು. ತಂಗಿಯ ಕಾಲು ಚಪ್ಪಲಿಗೆ ತಾನಾಗಿಯೇ ತೂರತೊಡಗಿತು. ಒಂದು ಬೆಳಿಗ್ಗೆ ತಂಗಿ ಅಕ್ಕನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಒದೆ ಬಿತ್ತು.

"ಸೀಟಿಗೆ ಒದೀತಿದೆ," ಎಂದಳು ತಂಗಿ.

*

ಹತ್ತು ವಾರ ಕಳೆದು ಮತ್ತೆ ಊಟದ ಕೋಣೆ. ಗೋಡೆಯ ಮೇಲೆ ಬೆಳಕಿನ ಚಿತ್ರ ಬಿತ್ತು. ಸುಧಾರಣೆ ತೋರಿಸುವ ಒಂದು ನೀಲಿ ಕಂಬ, ಒಂದು ಬೂದು ಕಂಬ. ಎರಡೂ ಒಂದೇ ಎತ್ತರ, ಅವಳಿ ಮಕ್ಕಳ ಹಾಗೆ.

ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ಎರಡೂ ಸಾಲಿಗೂ ಒಳ್ಳೆಯದಾಗಿದೆ, ಚಿತ್ರವೇ ಹೇಳುತ್ತಿದೆ, ಇನ್ನೇನು ಎಲ್ಲರಿಗೂ ಸ್ಟೂಲು ಬಂದ ಹಾಗೇ. ಅಕ್ಕ ತಂಗಿಯ ಮೊಣಕೈ ಹಿಡಿದುಕೊಂಡಳು. ಏಳು ತುಂಬಿತ್ತು.

"ಎರಡೂ ಸಾಲುಗಳಲ್ಲಿ ಸುಧಾರಣೆ ಇದೆ," ಎಂದಳು ಮೇಡಂ. ಧ್ವನಿಯಲ್ಲಿ ಉತ್ಸಾಹ ಇರಲಿಲ್ಲ. "ಊತ ಕಡಿಮೆ ಆಗಿದೆ, ರಜೆ ಕಡಿಮೆ, ತಪ್ಪೂ ಕಡಿಮೆ. ಆದ್ರೆ ಸ್ಟೂಲ್ ಇದ್ದ ಸಾಲಿಗೂ ಇಲ್ಲದ ಸಾಲಿಗೂ ವ್ಯತ್ಯಾಸ ಇಲ್ಲ. ಹಾಗಾಗಿ ಸುಧಾರಣೆ ಸ್ಟೂಲಿನಿಂದ ಆಯ್ತು ಅಂತ ಹೇಳೋಕೆ ಬರಲ್ಲ."

"ಮತ್ತೆ ಯಾವುದರಿಂದ ಆಯ್ತಂತೆ?" ಎಂದ ಮ್ಯಾನೇಜರು.

"ಬಹುಶಃ ಯಾರೋ ನಮ್ಮನ್ನ ಗಮನಿಸ್ತಿದ್ದಾರೆ ಅನ್ನೋ ಭಾವನೆಯಿಂದ. ಹಾಗಾಗೋದುಂಟು. ಪ್ರತಿ ವಾರ ಕರೆದು ಮಾತಾಡಿಸಿದ್ವಿ, ಅಳತೆ ತಗೊಂಡ್ವಿ. ಅಷ್ಟಕ್ಕೇ ಮನಸ್ಸು ಹಗುರ ಆಗುತ್ತೆ."

ಮ್ಯಾನೇಜರಿನ ಮುಖ ಅರಳಿತು. "ನೋಡಿ, ನಾನು ಹೇಳ್ಲಿಲ್ವಾ? ಇವರಿಗೆ ಬೇಕಾಗಿರೋದು ಕುರ್ಚಿ ಅಲ್ಲ, ಪ್ರೀತಿ. ಸ್ಟೂಲುಗಳನ್ನ ನಾಳೆ ವಾಪಸ್ ಕಳಿಸೋಣ. ಬದಲಿಗೆ ಒಂದು ದೊಡ್ಡ ಬೋರ್ಡ್ ಬರೆಸೋಣ, ನಾವು ನಿಮ್ಮನ್ನು ಗಮನಿಸುತ್ತಿದ್ದೇವೆ ಅಂತ. ಎರಡು ಕಣ್ಣು ಬರೆಸಿ."

ಸೀಟಿ ಚಪ್ಪಾಳೆ ತಟ್ಟಿದ.

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹಂಚಿಕೊಂಡದ್ದೇ ತಪ್ಪಾಯಿತು. ಹನ್ನೆರಡು ಸ್ಟೂಲನ್ನು ಇಪ್ಪತ್ತನಾಲ್ಕು ಜನ ಹಂಚಿಕೊಂಡು, ಎರಡೂ ಸಾಲಿನವರು ಅರ್ಧ ಅರ್ಧ ಚೇತರಿಸಿಕೊಂಡು, ಸ್ಟೂಲಿಗೆ ಬೆಲೆಯೇ ಇಲ್ಲ ಎಂದು ತಾವೇ ಸಾಕ್ಷಿ ಹೇಳಿದ್ದರು. ಗೋಡೆ ಸಾಲಿನವರು ಕುಸಿದು ಬಿದ್ದಿದ್ದರೆ, ತಂಗಿ ಬಿದ್ದಿದ್ದರೆ, ಬೂದು ಕಂಬ ಗಿಡ್ಡವಾಗುತ್ತಿತ್ತು. ಆಗ ಸ್ಟೂಲು ಬರುತ್ತಿತ್ತು.

"ಮೇಡಂ, ನಿಮ್ಮ ಲೆಕ್ಕ ಸುಳ್ಳು," ಎಂದಳು ಅಕ್ಕ.

ಸೂಜಿಯಮ್ಮ ಅವಳ ಸೆರಗು ಜಗ್ಗಿದಳು. ಅಕ್ಕ ಜಗ್ಗಲಿಲ್ಲ.

"ನಾವು ಟೊಪ್ಪಿ ಬದಲಾಯಿಸ್ಕೊಂಡ್ವಿ. ಮೊದಲನೇ ವಾರದಿಂದ. ಎಲ್ಲರೂ ನಿಂತಿದ್ದೀವಿ, ಎಲ್ಲರೂ ಕೂತಿದ್ದೀವಿ. ಶುರು ಮಾಡಿದ್ದು ನಾನು. ಊತ ಇಳಿದಿದ್ದು ನೀವು ಗಮನಿಸಿದ್ದಕ್ಕಲ್ಲ, ನಾವು ಕೂತಿದ್ದಕ್ಕೆ."

ಮೇಡಮ್ಮಿನ ಕೈಯಿಂದ ಕಾಗದದ ಕಟ್ಟು ಜಾರಿ ಮೇಜಿಗೆ ಬಿತ್ತು. "ಹತ್ತು ವಾರ," ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ. "ಹತ್ತು ವಾರದ ಕೆಲಸ. ಯಾಕೆ ಹೀಗೆ ಮಾಡಿದ್ರಿ?"

"ನೀವು ಇವಳನ್ನ ಕೂರಿಸಲಿಲ್ವಲ್ಲ, ಅದಕ್ಕೆ."

ಮ್ಯಾನೇಜರು ಎದ್ದು ನಿಂತ. "ಮೋಸ. ಶುದ್ಧ ಮೋಸ. ಆಸ್ಪತ್ರೆ ಬಟ್ಟೆ ಮುಟ್ಟೋ ಕೈಯಲ್ಲಿ ಒಬ್ಬರ ಟೊಪ್ಪಿ ಒಬ್ಬರು ಹಾಕ್ಕೊಳ್ಳೋದಾ? ಹೇನು ಹುಳ ಇರೋ ತಲೆಗಳು. ಎಲ್ಲರೂ ತಪ್ಪೊಪ್ಪಿಗೆ ಬರೆದು ಕೊಡಬೇಕು, ಇಲ್ಲದಿದ್ರೆ ಗೇಟಿನಿಂದಾಚೆ." ಅವನು ಮೇಡಮ್ಮಿನ ಕಡೆ ತಿರುಗಿದ. "ಈಗೇನು ಮಾಡೋದು ಹೇಳಿ."

ಮೇಡಂ ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಗೂಡಿಸಿದಳು. "ಇವರು ಹೇಳೋದು ನಿಜ ಇದ್ರೆ ಸ್ಟೂಲಿನಿಂದ ಉಪಯೋಗ ಆಗಿರಬಹುದು," ಎಂದಳು. "ಆದ್ರೆ ಖಚಿತವಾಗಿ ಹೇಳೋಕೆ ಇದು ಸಾಲದು. ಮತ್ತೆ ಮೊದಲಿಂದ ಮಾಡಬೇಕು."

"ಮಾಡಿ. ಈ ಸಲ ನಡುವೆ ಪರದೆ ಕಟ್ಟಿಸ್ತೀನಿ. ಎರಡು ಸಾಲಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಊಟ. ಟೊಪ್ಪಿ ಮೇಲೆ ನಂಬರು. ಎಷ್ಟು ದಿನ ಬೇಕು?"

"ಮೊದಲು ಮೂರು ವಾರ ಯಾರಿಗೂ ಸ್ಟೂಲ್ ಇರಬಾರದು, ಎಲ್ಲರೂ ಹಳೇ ಸ್ಥಿತಿಗೆ ಬರಬೇಕು. ಆಮೇಲೆ ಹತ್ತು ವಾರ."

"ಹಳೇ ಸ್ಥಿತಿ ಅಂದ್ರೆ ಯಾವುದು ಮೇಡಂ?" ಎಂದಳು ಅಕ್ಕ. "ಮತ್ತೆ ಕಾಲು ಊದೋದಾ?"

ತಂಗಿಯ ಹೊಟ್ಟೆಯನ್ನು ಮೇಡಂ ಆಗ ನೋಡಿದಳು. ಧ್ವನಿ ತಗ್ಗಿಸಿ ಹೇಳಿದಳು, "ಇವರನ್ನ ಬೇಕಾದ್ರೆ ಕೈಬಿಡೋಣ."

"ಕೈಬಿಟ್ರೆ ಸ್ಟೂಲು ಕೊಡ್ತೀರಾ?"

"ಇಲ್ಲ... ಲೆಕ್ಕದಿಂದ ಕೈಬಿಡೋದು ಅಂತ."

"ಅಂದ್ರೆ ಇವಳು ಬಿದ್ರೂ ನಿಮ್ಮ ಕಂಬಕ್ಕೆ ಏನೂ ಆಗಲ್ಲ."

"ಏಯ್, ಸಾಕು ನಿಲ್ಸು," ಎಂದ ಸೀಟಿ. "ನಾಲಿಗೆ ಉದ್ದ ಆಯ್ತು. ನಾಳೆಯಿಂದ ನೀನೂ ನಿನ್ನ ತಂಗಿನೂ ಇಬ್ಬರೂ ಗೋಡೆ ಸಾಲು. ಹೋಲಿಕೆ ಮಾಡ್ಕೊಳ್ಳಿ ಒಬ್ಬರಿಗೊಬ್ಬರು."

*

ಬೆಳಿಗ್ಗೆ ಗೇಟಿನ ಬಳಿ ಹನ್ನೆರಡು ಸ್ಟೂಲುಗಳೂ ಒಂದರ ಮೇಲೊಂದು ಕಾಲು ಮೇಲಾಗಿ ಲಾರಿ ಏರಿದ್ದವು. ಒಳಗೆ ತಪ್ಪೊಪ್ಪಿಗೆಯ ಕಾಗದ ಮೇಜಿನ ಮೇಲಿತ್ತು, ಪಕ್ಕದಲ್ಲಿ ಹೆಬ್ಬೆಟ್ಟಿಗೆ ಶಾಯಿ. ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತದೆ ಕಾಗದ ದಾಟಿ ಹೋದರು. ಸೀಟಿ ಅದನ್ನು ಗಮನಿಸಲಿಲ್ಲ. ಅವನು ಮೊಳೆ ಹೊಡೆಸಿ ಪರದೆ ಕಟ್ಟಿಸುವುದರಲ್ಲಿದ್ದ.

ಯಂತ್ರಗಳು ಎದ್ದವು. ಉರುಳೆಗಳು ಕಾದು ಹಬೆ ಬಿಟ್ಟವು. ಅಕ್ಕ ಮತ್ತು ತಂಗಿ ಬಾಯ್ಲರಿನ ಗೋಡೆಯ ಪಕ್ಕ ಎದುರುಬದುರು ನಿಂತು ಮೂಲೆ ಹಿಡಿದರು. ಒಂದು ಗಂಟೆ ಕಳೆಯಿತು. ಎರಡನೇ ಗಂಟೆಯ ನಡುವೆ ತಂಗಿಯ ಕೈಯಿಂದ ಹಾಸಿನ ಮೂಲೆ ತಪ್ಪಿತು. ಅವಳು ಹಿಡಿಯಲು ಬಗ್ಗಲಿಲ್ಲ. ಎರಡೂ ಅಂಗೈ ಮೇಜಿನ ಮೇಲೆ ಊರಿ, ತಲೆ ತಗ್ಗಿಸಿ, ಉಸಿರು ಬಿಟ್ಟಳು.

"ಅಕ್ಕಾ, ಸೊಂಟದಲ್ಲಿ ಹಿಡ್ಕೊಂಡ ಹಾಗೆ ಆಗ್ತಿದೆ. ಹೋದ ಸಲ ಹೀಗೇ ಶುರುವಾಗಿದ್ದು."

ಅಕ್ಕ ತನ್ನ ಮೂಲೆಯನ್ನೂ ಬಿಟ್ಟಳು. ಪಕ್ಕದಲ್ಲಿ ಚಕ್ರದ ಗಾಡಿ ನಿಂತಿತ್ತು, ಅದರ ತುಂಬ ಮಡಿಚಿಟ್ಟ ಹಾಸುಗಳು, ಆಪರೇಷನ್ ಕೋಣೆಯವು, ಎರಡು ಸಲ ಕುದಿಸಿದವು. ನೆಲಕ್ಕೆ ತಾಗಿದರೆ ಕೆಲಸ ಹೋಗುವಂಥವು. ಅಕ್ಕ ಎರಡೂ ತೋಳು ಒಡ್ಡಿ ಒಂದು ಅಪ್ಪುಗೆಯಷ್ಟನ್ನು ಎತ್ತಿ ನೆಲದ ಮೇಲೆ ಹಾಕಿದಳು. ಇನ್ನೊಂದು ಅಪ್ಪುಗೆ. ಇನ್ನೊಂದು. ಮೊಣಕಾಲೆತ್ತರದ ಬಿಳಿಯ ಗುಡ್ಡೆಯಾಯಿತು. ತಂಗಿಯ ಕಂಕುಳಿಗೆ ಕೈ ಕೊಟ್ಟು ಅದರ ಮೇಲೆ ಕೂರಿಸಿದಳು. ಮತ್ತೊಂದು ಕಟ್ಟು ತೆಗೆದು ಬೆನ್ನಿಗೆ ಒತ್ತು ಕೊಟ್ಟಳು. ಇನ್ನೊಂದರ ಮೇಲೆ ಎರಡೂ ಕಾಲು ಎತ್ತಿ ಇಟ್ಟಳು, ಚಪ್ಪಲಿ ಸಮೇತ.

ಸೀಟಿಯ ಬಾಯಿಂದ ಸೀಟಿ ಬಿತ್ತು. "ಏನೇ ಮಾಡ್ತಿದ್ದೀಯ, ಲೌಡಿ. ಅದು ಆಪರೇಷನ್ ಬಟ್ಟೆ. ಎದ್ದೇಳ್ಸು ಅವಳನ್ನ."

"ನೀನು ಬಂದು ಎಬ್ಬಿಸು," ಎಂದಳು ಅಕ್ಕ. ಮುಖದ ಬಟ್ಟೆ ಬಿಚ್ಚಿ ತಂಗಿಯ ಪಕ್ಕದಲ್ಲಿ ತಾನೂ ಕೂತಳು. ಆ ಕೋಣೆಯಲ್ಲಿ ಅವಳು ತನ್ನದೇ ಮುಖ ಹೊತ್ತು ಕೂತದ್ದು ಅದೇ ಮೊದಲು. "ಬಾ. ಮುಟ್ಟು ನೋಡೋಣ."

ಅವನು ಒಂದು ಹೆಜ್ಜೆ ಮುಂದಿಟ್ಟ. ನಡುವೆ ಸೂಜಿಯಮ್ಮ ತನ್ನ ಕಲ್ಲಿನ ಮಂಡಿಗಳನ್ನು ಒಂದೊಂದಾಗಿ ಮಡಿಚಿ, ನರಳುತ್ತಾ, ಅವನ ದಾರಿಯಲ್ಲೇ ನೆಲಕ್ಕೆ ಕೂತಳು. ಹುಣ್ಣಿನ ಕಾಲಿನವಳು ಕೂತಳು. ಗೋಡೆ ಸಾಲು ಪೂರ್ತಿ ಕೂತಿತು. ಯಂತ್ರದ ಬಾಯಿಗೆ ಬಟ್ಟೆ ಕೊಡುತ್ತಿದ್ದವರೂ ಕೂತರು. ಪರದೆಯ ಆಚೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಆಚೆಯ ಉರುಳೆಯ ಸದ್ದು ಮಾತ್ರ ಮೊದಲಿಗೆ ಬಟ್ಟೆ ಅಗಿಯುವ ಸದ್ದಾಗಿತ್ತು, ಆಮೇಲೆ ಬರಿಬಾಯಿ ತಿರುಗುವ ಸದ್ದಾಯಿತು.

ಬಾಗಿಲಲ್ಲಿ ಮೇಡಂ ಬಂದು ನಿಂತಿದ್ದಳು, ಎದೆಗೆ ಹೊಸ ಕಾಗದದ ಕಟ್ಟು.

"ಬರ್ಕೊಳ್ಳಮ್ಮಾ," ಎಂದಳು ಸೂಜಿಯಮ್ಮ ನೆಲದಿಂದಲೇ. "ಇಪ್ಪತ್ತನಾಲ್ಕು. ಈ ಸಲ ಯಾರೂ ಹೋಲಿಕೆಗೆ ಇಲ್ಲ."

ಮೇಡಮ್ಮಿನ ಪೆನ್ನು ಎದ್ದಿತು, ಕಾಗದ ಮುಟ್ಟಲಿಲ್ಲ. ಅವಳ ಹಿಂದೆ ಮ್ಯಾನೇಜರು ಯಾರಿಗೋ ಫೋನಿನಲ್ಲಿ ಕೂಗುತ್ತಾ ಓಡಿಬರುವುದು ಕೇಳಿಸಿತು. ಬಟ್ಟೆಯಿಲ್ಲದೆ ಕಾದ ಉರುಳೆಗಳಿಂದ ಕಮಟು ವಾಸನೆ ಏಳತೊಡಗಿತು. ಅದನ್ನು ನಿಲ್ಲಿಸಲು ಯಾರೂ ಏಳಲಿಲ್ಲ.

ತಂಗಿ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಎಷ್ಟು ಹೊತ್ತು ಕೂರೋದು ಅಕ್ಕಾ?"

ಅಕ್ಕ ಅವಳ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಎಸೆದಳು. ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು. ಅದು ತುಂಬಿಕೊಳ್ಳುವುದನ್ನು ನೋಡುತ್ತಾ ಕೂತಳು.